ಪತ್ರ ತೋರಿಸಿದರೆ ನೀರು ಬರುವುದಿಲ್ಲ

2017ರ ಡಿಸೆಂಬರ್ 21ರಂದು ಗೋವಾದ ಅಂದಿನ ಮುಖ್ಯಮಂತ್ರಿ ಮನೋಹರ ಪರ್ರೀಕರ್ ಒಂದು ಪತ್ರ ಬರೆದರು. ಕುಡಿಯುವ ನೀರಿಗಾಗಿ ಮಹದಾಯಿ ನದಿಯಿಂದ ನ್ಯಾಯಯುತ ಪ್ರಮಾಣ ಬಿಡಲು ತಾತ್ವಿಕವಾಗಿ ತಮ್ಮ ಅಡ್ಡಿಯಿಲ್ಲ ಎಂಬುದು ಅದರ ಸಾರ. ಹುಬ್ಬಳ್ಳಿಯ ಸಮಾವೇಶದಲ್ಲಿ ಬಿಜೆಪಿಯ ಅಂದಿನ ರಾಜ್ಯಾಧ್ಯಕ್ಷ ಬಿ.ಎಸ್. ಯಡಿಯೂರಪ್ಪ ಅದನ್ನು ಓದಿ ಹೇಳಿದರು. 2015ರಿಂದ ಹೋರಾಟಕ್ಕೆ ಕೂತಿದ್ದ ನರಗುಂದ, ನವಲಗುಂದ ಭಾಗದ ರೈತರಿಗೆ ಆ ಹಾಳೆಯಿಂದ ಒಂದು ಹನಿಯೂ ದಕ್ಕಲಿಲ್ಲ. ಕೆಲವೇ ದಿನಗಳಲ್ಲಿ ಅವರು ಬೆಂಗಳೂರಿನ ಮಲ್ಲೇಶ್ವರದ ಬಿಜೆಪಿ ಕಚೇರಿ ಎದುರು ಚಳಿಯಲ್ಲಿ ಧರಣಿ ಕೂರಬೇಕಾಯಿತು.

ಆ ಪತ್ರದ ಒಕ್ಕಣೆಗಿಂತ ಮೊದಲು ನೋಡಬೇಕಾದದ್ದು ವಿಳಾಸವನ್ನು. ಅದು ಕರ್ನಾಟಕ ಸರ್ಕಾರಕ್ಕೆ ಬರೆದದ್ದಲ್ಲ, ಒಂದು ಪಕ್ಷದ ರಾಜ್ಯಾಧ್ಯಕ್ಷರಿಗೆ ಬರೆದದ್ದು. ಆಗ ವಿವಾದ ಮಹದಾಯಿ ನ್ಯಾಯಮಂಡಳಿಯ ಮುಂದಿತ್ತು. ಈ ಪತ್ರ ಅಲ್ಲಿ ಸಲ್ಲಿಸಿದ ಹೇಳಿಕೆಯಲ್ಲ. ರಾಜ್ಯ ಸರ್ಕಾರವೊಂದು ಕರಾರು ಮಾಡಿಕೊಳ್ಳುವುದಾದರೆ ಅದು ರಾಜ್ಯಪಾಲರ ಹೆಸರಿನಲ್ಲಿರಬೇಕು, ಅಧಿಕಾರ ಪಡೆದವರೇ ಸಹಿ ಹಾಕಿರಬೇಕು ಎಂದು ಸಂವಿಧಾನದ 299ನೇ ವಿಧಿ ಹೇಳುತ್ತದೆ. ರಸ್ತೆ ಗುತ್ತಿಗೆಗೇ ಇಷ್ಟು ಕಟ್ಟುನಿಟ್ಟು ಇರುವಾಗ, ಎರಡು ರಾಜ್ಯಗಳ ನಡುವಿನ ನದಿ ನೀರಿಗೆ ಸೌಜನ್ಯದ ಪತ್ರ ಸಾಕಾಗುತ್ತದೆ ಎಂದು ಜನರನ್ನು ನಂಬಿಸಿದ್ದು ದೊಡ್ಡ ಅನ್ಯಾಯ.

ಮಹದಾಯಿಯ ಕತೆಯಲ್ಲಿ ಇಂಥ ಪತ್ರಗಳು ಎಷ್ಟೋ ಬಂದು ಹೋಗಿವೆ. 2002ರ ಏಪ್ರಿಲ್‌ನಲ್ಲಿ, ಮಹದಾಯಿ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ–ಬಂಡೂರಿ ಯೋಜನೆಗೆ ಕೇಂದ್ರದ ತಾತ್ವಿಕ ಒಪ್ಪಿಗೆ ಸಿಕ್ಕಿತು. ಗೋವಾ ತಕರಾರು ತೆಗೆಯಿತು, ಸೆಪ್ಟೆಂಬರ್‌ನಲ್ಲಿ ಅದು ತಡೆಯಾಯಿತು. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಅನುಕೂಲಕರ ಪತ್ರ ಕೊಟ್ಟಿತು, ಡಿಸೆಂಬರ್‌ನಲ್ಲಿ ಅದನ್ನೂ ತಡೆಹಿಡಿಯಿತು. ಕೊಟ್ಟ ಕೈಯೇ ಕಿತ್ತುಕೊಳ್ಳಬಹುದಾದ ಕಾಗದವನ್ನು ಗೆಲುವು ಎಂದು ಸಿಹಿ ಹಂಚಿದವರು ನಾವೇ.

ಹಾಗಾದರೆ ಯಾವುದು ನಿಲ್ಲುತ್ತದೆ? ನ್ಯಾಯಮೂರ್ತಿ ಜೆ.ಎಂ. ಪಾಂಚಾಲ್ ಅಧ್ಯಕ್ಷತೆಯ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ತೀರ್ಪು ಕೊಟ್ಟು ಕರ್ನಾಟಕಕ್ಕೆ 13.42 ಟಿಎಂಸಿ, ಗೋವಾಕ್ಕೆ 24, ಮಹಾರಾಷ್ಟ್ರಕ್ಕೆ 1.33 ಟಿಎಂಸಿ ಹಂಚಿತು. ನಮ್ಮ ಪಾಲಿನಲ್ಲಿ ಮಲಪ್ರಭೆಗೆ ತಿರುಗಿಸಬಹುದಾದದ್ದು ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.9 ಟಿಎಂಸಿ ಮಾತ್ರ. ಆದರೆ ತೀರ್ಪು ಹೊರಬಿದ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. 1956ರ ಅಂತರರಾಜ್ಯ ನದಿ ನೀರು ವಿವಾದ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಅದನ್ನು ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಪ್ರಕಟಿಸಬೇಕು. ಪ್ರಕಟವಾದ ಮೇಲೆ ಅದಕ್ಕೆ ಸುಪ್ರೀಂ ಕೋರ್ಟ್ ಆದೇಶದಷ್ಟೇ ಬಲ. ಆ ಪ್ರಕಟಣೆ ಬಂದದ್ದು 2020ರ ಫೆಬ್ರುವರಿ 27ರಂದು, ಅದೂ ಸುಪ್ರೀಂ ಕೋರ್ಟ್ ಅನುಮತಿ ಕೊಟ್ಟ ಮೇಲೆ. ತೀರ್ಪಿಗೂ ಗೆಜೆಟ್‌ಗೂ ನಡುವೆ ಒಂದೂವರೆ ವರ್ಷ ಕಳೆದಿತ್ತು. ಕಾವೇರಿಯ ಅಂತಿಮ ತೀರ್ಪು 2007ರಲ್ಲಿ ಬಂದು 2013ರಲ್ಲಿ ಪ್ರಕಟವಾದದ್ದು ನೆನಪಿರಬಹುದು.

ಗೋವಾದ ಗೆಳೆಯರಿಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ನೀವು ಹೆಮ್ಮೆಪಡುವ ಸಿವಿಲ್ ಸಂಹಿತೆ 1867ರ ಪೋರ್ಚುಗೀಸ್ ಕಾನೂನು. ಗಂಡನ ಆಸ್ತಿಯಲ್ಲಿ ಹೆಂಡತಿಗೆ ಅರ್ಧ ಪಾಲು ಕೊಡುವ, ಮಕ್ಕಳ ಪಾಲನ್ನು ಉಯಿಲಿನಿಂದ ಕಿತ್ತುಕೊಳ್ಳದಂತೆ ಕಾಯುವ ಒಳ್ಳೆಯ ಕಾನೂನು. 1961ರ ಡಿಸೆಂಬರ್‌ನಲ್ಲಿ ಪೋರ್ಚುಗೀಸರು ಹೋದ ಮೇಲೂ ಅದು ಉಳಿದದ್ದು ಹೇಗೆ? 1962ರಲ್ಲಿ ನಮ್ಮ ಸಂಸತ್ತು ಕಾಯ್ದೆ ಮಾಡಿ ಅದನ್ನು ಮುಂದುವರಿಸಿದ್ದರಿಂದ. 2019ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು: ಸಂಸತ್ತು ಒಪ್ಪಿಕೊಂಡಿದ್ದರಿಂದ ಇದು ಭಾರತದ ಕಾನೂನು, ಗೋವಾದವರು ಮುಂಬಯಿಯಲ್ಲಿ ಹೊಂದಿದ್ದ ಆಸ್ತಿಗೂ ಅನ್ವಯಿಸುತ್ತದೆ. ಅದೇ ಸಂಸತ್ತಿನ ಕಾಯ್ದೆಯೇ ನ್ಯಾಯಮಂಡಳಿಯ ತೀರ್ಪಿಗೂ ಬಲ ಕೊಟ್ಟಿದೆ. ಒಂದನ್ನು ಒಪ್ಪಿ ಇನ್ನೊಂದನ್ನು ತಳ್ಳಿಹಾಕಲು ಬರುವುದಿಲ್ಲ. ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋಗುವುದು ಗೋವಾದ ಹಕ್ಕು. ನಾವೂ ಹೋಗಿದ್ದೇವೆ, ಮಹಾರಾಷ್ಟ್ರವೂ ಹೋಗಿದೆ. ಆದರೆ ವಿಧಾನಸಭೆಯ ನಿರ್ಣಯದಿಂದ ಗೆಜೆಟ್ ಅಳಿಸಿ ಹೋಗುವುದಿಲ್ಲ.

ಈ ಮಾತು ಹೇಳುವಾಗ ನಮ್ಮದೇ ಚರಿತ್ರೆ ಮರೆಯಬಾರದು. ಕಾವೇರಿ ಮಧ್ಯಂತರ ಆದೇಶವನ್ನು ತಪ್ಪಿಸಿಕೊಳ್ಳಲು 1991ರಲ್ಲಿ ಕರ್ನಾಟಕ ಸುಗ್ರೀವಾಜ್ಞೆ ಹೊರಡಿಸಿತ್ತು. ಅದೇ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದು ಸಂವಿಧಾನಬಾಹಿರ ಎಂದಿತು. ತನ್ನ ವಿವಾದಕ್ಕೆ ತಾನೇ ನ್ಯಾಯಾಧೀಶನಾಗಲು ಯಾವ ರಾಜ್ಯಕ್ಕೂ ಬರುವುದಿಲ್ಲ ಎಂಬ ಪಾಠವನ್ನು ಮೊದಲು ಕಲಿತವರು ನಾವು.

‘ಗೆಜೆಟ್ ಆತು, ಡಿಪಿಆರ್ (ವಿವರ ಯೋಜನಾ ವರದಿ) ಒಪ್ಪಿಗಿ ಆತು, ನೀರು ಯಾಕ ಬರವಲ್ದ್ರೀ?’ ಎಂದು ಮಲಪ್ರಭೆಯ ದಂಡೆಯ ಯಾವ ಊರಲ್ಲಿ ಬೇಕಾದರೂ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಬದ್ಧವಾದ ತೀರ್ಪು ಉಳಿದ ಕಾನೂನುಗಳನ್ನು ರದ್ದು ಮಾಡುವುದಿಲ್ಲ. ಅರಣ್ಯ, ವನ್ಯಜೀವಿ ಅನುಮತಿಗಳನ್ನು ಪಡೆಯಲೇಬೇಕು. ಅಭಯಾರಣ್ಯದ ನೀರು ತಿರುಗಿಸಲು ವನ್ಯಜೀವಿ ರಕ್ಷಣಾ ಕಾಯ್ದೆಯ 29ನೇ ಸೆಕ್ಷನ್‌ನಡಿ ಒಪ್ಪಿಗೆ ಬೇಕೆಂದು ಗೋವಾ 2023ರ ಜನವರಿಯಲ್ಲಿ ನೋಟಿಸ್ ಕೊಟ್ಟಿದ್ದು ಈ ದಾರಿಯಲ್ಲೇ. ಅದಕ್ಕೆ ಉತ್ತರ ರ‍್ಯಾಲಿಯಲ್ಲಿ ಸಿಗುವುದಿಲ್ಲ. ಯೋಜನೆ ಇರುವ ಕಣಕುಂಬಿಯ ಕಾಡು ಬಲ್ಲ ತಜ್ಞರು, ಕಡತ ಬಲ್ಲ ಅಧಿಕಾರಿಗಳು, ಒಂದು ದಿನವೂ ಬಿಡದೆ ಬೆನ್ನುಹತ್ತುವ ವಕೀಲರು ಇದನ್ನು ಗೆಲ್ಲಬೇಕು.

ಮುಂದಿನ ಚುನಾವಣೆಗೆ ಮತ್ತೊಂದು ಪತ್ರ ಬಂದೇ ಬರುತ್ತದೆ. ಯಾವ ಪಕ್ಷದವರೇ ತಂದರೂ ಕೇಳಿ: ಇದಕ್ಕೆ ಯಾವ ಕಾಯ್ದೆಯ ಬಲವಿದೆ, ಸಹಿ ಹಾಕಿದವರಿಗೆ ಆ ಅಧಿಕಾರ ಕೊಟ್ಟವರು ಯಾರು, ಗೆಜೆಟ್‌ನಲ್ಲಿ ಎಂದು ಬಂತು? ಉತ್ತರ ಸಿಗುವ ತನಕ ಚಪ್ಪಾಳೆ ತಟ್ಟಬೇಡಿ.