ಲಾರಿ ಓಡಿಸಿದವನೂ ಸೈನಿಕನೇ ಕಣ್ರೀ

ಮೊನ್ನೆ ಆಫೀಸಲ್ಲಿ ಊಟದ ಹೊತ್ತಿಗೆ ಕಾರ್ಗಿಲ್ ಸಿನಿಮಾದ ಮಾತು ಬಂತು. ‘ಸಪ್ಲೈನವರದ್ದೇನು ಬಿಡು, ಹಿಂದೆ ಕೂತು ರೇಷನ್ ಲೆಕ್ಕ ಬರೆಯೋರು’ ಅಂದ ಒಬ್ಬ. ಎಲ್ಲ ನಕ್ಕರು. ನನಗೆ ಮೈ ಉರಿದುಹೋಯ್ತು.

ಸ್ವಾಮಿ, 1999ರಲ್ಲಿ ಶತ್ರು ಆ ಬೆಟ್ಟಗಳ ಮೇಲೆ ಬಂದು ಕೂತಿದ್ದಾದರೂ ಯಾಕೆ? ಕೆಳಗಿನ ಶ್ರೀನಗರ-ಲೇಹ್ ರಸ್ತೆ ಕತ್ತರಿಸೋಕೆ. ಲಡಾಖ್‌ಗೆ, ಸಿಯಾಚಿನ್‌ಗೆ ಅಕ್ಕಿ, ಸೀಮೆಎಣ್ಣೆ, ಮದ್ದುಗುಂಡು ಹೋಗುತ್ತಿದ್ದದ್ದು ಅದರ ಮೇಲೆ. ತೊಲೊಲಿಂಗ್ ತುದಿಯಲ್ಲಿ ಕೂತವನಿಗೆ ದ್ರಾಸ್ ಬಳಿಯ ರಸ್ತೆ ಪೂರ್ತಿ ಕಾಣುತ್ತಿತ್ತು. ಲಾರಿ ಕಂಡರೆ ಶೆಲ್ ಬೀಳುತ್ತಿತ್ತು. ಅಂದರೆ ಅವನು ಗುರಿಯಿಟ್ಟಿದ್ದೇ ನೀವು ‘ಹಿಂದೆ ಕೂತವರು’ ಅನ್ನುವವರ ಮೇಲೆ! ಅವರು ರಾತ್ರಿ ಹೆಡ್‌ಲೈಟ್ ಆರಿಸಿಕೊಂಡು ಆ ಬೆಟ್ಟದ ರಸ್ತೆಯಲ್ಲಿ ಲಾರಿ ಓಡಿಸಿದರು. (ನಾವು ಸಿಲ್ಕ್ ಬೋರ್ಡ್ ದಾಟೋಕೇ ಗೊಣಗ್ತೀವಿ.)

ಬೊಫೋರ್ಸ್ ಗುಡುಗಿದರೆ ಚಪ್ಪಾಳೆ. ಅದರ ಒಂದೊಂದು ಶೆಲ್ 40 ಕೆಜಿಗೂ ಹೆಚ್ಚು. ಆ ಯುದ್ಧದಲ್ಲಿ ನಮ್ಮವರು ಹಾರಿಸಿದ ಶೆಲ್, ಬಾಂಬು, ರಾಕೆಟ್ ಸೇರಿ ಸುಮಾರು 2.5 ಲಕ್ಷ. ಅಷ್ಟನ್ನೂ ಯಾರೋ ಡಿಪೋದಲ್ಲಿ ಎಣಿಸಿ, ಹೇರಿ, ಇಳಿಸಿದ್ದಾರೆ. ಲಾರಿ ಹೋಗದ ಕಡೆ ಹೇಸರಗತ್ತೆ, ಅದೂ ಹತ್ತದ ಕಡೆ ಮನುಷ್ಯನ ಬೆನ್ನು. ಕುಡಿಯೋ ನೀರನ್ನೂ ಹೊತ್ತೇ ಹತ್ತಬೇಕು.

ಡೆಮೋ ಕೊಟ್ಟವನಿಗೆ ಬಡ್ತಿ, ರಾತ್ರಿಯೆಲ್ಲ ಸರ್ವರ್ ಕಾದವನಿಗೆ ‘ಬರೀ ಸಪೋರ್ಟ್’ ಅನ್ನೋ ಬಿರುದು. ನಮ್ಮ ಈ ಚಾಳಿಯನ್ನೇ ಸೈನ್ಯಕ್ಕೂ ಅಂಟಿಸ್ತೀವಿ.

ಈ ಲಾರಿಗಳನ್ನು ಓಡಿಸಿದ ಆರ್ಮಿ ಸರ್ವಿಸ್ ಕೋರ್‌ನ ತರಬೇತಿ ಕೇಂದ್ರ ಇರೋದು ಬೆಂಗಳೂರಲ್ಲೇ. ನಮ್ಮ ಗೆಳೆಯ ದಿನಾ ಅದರ ಕಾಂಪೌಂಡ್ ಪಕ್ಕದಲ್ಲೇ ಕ್ಯಾಬಲ್ಲಿ ಬರೋದು. ಅದೇನು ಗೊತ್ತಾ ಅಂತ ಕೇಳಿದೆ. ‘ಯಾವುದೋ ಮಿಲಿಟರಿ ಜಾಗ’ ಅಂದ.