ಜೀವನಾಂಶ ಬೇರೆ, ವಿಡಿಯೊ ಕಾಲ್ ಬೇರೆ

ಕಳೆದ ವರ್ಷ ಜೂನ್‌ನಲ್ಲಿ ಪುಣೆಯಿಂದ ಬರಬೇಕಾದ ಜೀವನಾಂಶ ಬರಲಿಲ್ಲ. ಸ್ಕೂಲ್ ಫೀಸ್ ಕಟ್ಟೋ ತಿಂಗಳು ಬೇರೆ. ಸಿಟ್ಟಿಗೆ ಭಾನುವಾರ ಅವರ ವಿಡಿಯೊ ಕಾಲ್ ಬಂದಾಗ ನಾನು ಎತ್ತಲೇ ಇಲ್ಲ. ಎಂಟು ವರ್ಷದ ಮಗಳು ತಾನು ಬಿಡಿಸಿದ ಚಿತ್ರ ಹಿಡ್ಕೊಂಡು ಕಾಯ್ತಾ ಕೂತಿದ್ದಳು. "ಅಪ್ಪಂಗೆ ನೆಟ್‌ವರ್ಕ್ ಇಲ್ವಾ ಅಮ್ಮ?" ಅಂದಳು. "ಹೂಂ" ಅಂದುಬಿಟ್ಟೆ. ಆ ಸುಳ್ಳು ಇವತ್ತಿಗೂ ಚುಚ್ಚುತ್ತೆ.

ಮರುದಿನ ವಕೀಲರಿಗೆ ಫೋನ್ ಮಾಡಿದೆ. ಸಮಾಧಾನ ಹೇಳ್ತಾರೆ ಅಂದ್ಕೊಂಡಿದ್ದೆ, ಬೈದರು. "ಜೀವನಾಂಶ ಮಗುವಿನ ಹಕ್ಕು. ಅಪ್ಪನ ಜೊತೆ ಮಾತಾಡೋದೂ ಮಗುವಿನ ಹಕ್ಕೇ. ಒಂದನ್ನ ತಡೆದು ಇನ್ನೊಂದನ್ನ ವಸೂಲಿ ಮಾಡ್ಬೇಡಿ."

2020ರಲ್ಲಿ ಯಶಿತಾ ಸಾಹು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿದೆ. ಅಪ್ಪ ಅಮ್ಮ ಬೇರೆ ಬೇರೆ ರಾಜ್ಯದಲ್ಲೋ ದೇಶದಲ್ಲೋ ಇದ್ದರೆ, ಭೇಟಿಯ ಜೊತೆಗೆ ಫೋನ್, ವಿಡಿಯೊ ಕಾಲ್ ಸಂಪರ್ಕವೂ ಮಗುವಿಗೆ ಮುಖ್ಯ.

ಹಾಗಾದ್ರೆ ದುಡ್ಡು ಬರದಿದ್ದರೆ? ಅದಕ್ಕೆ ಕಾನೂನಿನ ದಾರಿ ಬೇರೆಯೇ ಇದೆ. ನಮ್ಮದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ, ಅಂದ್ರೆ ಹಳೆಯ 125ರ ಕೆಳಗಿನ ಆದೇಶ. ಇಂಥ ಆದೇಶ ಆಗಿದ್ದು ಬೆಂಗಳೂರಲ್ಲಾದರೂ, ಕೊಡಬೇಕಾದವರು ಇರುವ ಊರಿನ ಮ್ಯಾಜಿಸ್ಟ್ರೇಟ್ ಮುಂದೆಯೇ ಜಾರಿ ಮಾಡಿಸಬಹುದು. ಆದರೆ ಬಾಕಿ ವಸೂಲಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. 'ನೋಡೋಣ, ನೋಡೋಣ' ಅಂತ ಕೂತರೆ ಕಷ್ಟ.

ನಾವು ಕೋರ್ಟಿಗೆ ಹೋಗೋ ಮೊದಲು ಕೂತು ಮಾತಾಡಿದೆವು. ಅವರು ಕೆಲಸ ಬದಲಿಸಿದ್ದರಿಂದ ಸಂಬಳ ತಡವಾಗಿತ್ತಂತೆ. ಮೊದಲೇ ಹೇಳಬಹುದಿತ್ತು, ನಾನೂ ಕೇಳಬಹುದಿತ್ತು. ಈ ಸಲ ಎಲ್ಲವನ್ನೂ ಬರೆದು, ಇಬ್ಬರೂ ಸಹಿ ಹಾಕಿ, ವಕೀಲರ ಮೂಲಕ ಕೋರ್ಟಿಗೂ ಕೊಟ್ಟೆವು. ದುಡ್ಡು 5ನೇ ತಾರೀಖಿನೊಳಗೆ, ಬ್ಯಾಂಕ್ ಖಾತೆಗೇ. ಕಾಲ್ ಭಾನುವಾರ ಸಂಜೆ 7ಕ್ಕೆ, ತಪ್ಪಿದರೆ ಸೋಮವಾರ. ದಸರಾ ರಜೆಯಲ್ಲಿ ಅವರೇ ಇಲ್ಲಿಗೆ ಬರೋದು, ಬೇಸಿಗೆಯಲ್ಲಿ ಮಗಳು ಎರಡು ವಾರ ಪುಣೆಗೆ. ಕರ್ಕೊಂಡು ಹೋಗೋದು ಅವರು, ವಾಪಸ್ ಕರ್ಕೊಂಡು ಬರೋದು ನಾನು. ಟಿಕೆಟ್ ಖರ್ಚು ಅವರವರದ್ದೇ.

ಈ ಮಾರ್ಚ್‌ನಲ್ಲಿ ಮತ್ತೆ ಹತ್ತು ದಿನ ತಡವಾಯ್ತು. ವಕೀಲರಿಗೆ ಒಂದು ಮೆಸೇಜ್ ಹಾಕಿದೆ, ಅಷ್ಟೇ. ಆ ಭಾನುವಾರ ಏಳಕ್ಕೆ ಫೋನ್ ರಿಂಗಾದಾಗ ಮಗಳೇ ಓಡಿಹೋಗಿ ಎತ್ತಿದಳು. ನಾನು ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸ್ತಿದ್ದೆ.