ತಪ್ಪು ಬರೆಹಕ್ಕೆ ಹೊಣೆ ಯಾರು?

ಮದುವೆಯ ಕಾಲ ಬಂದಿತೆಂದರೆ ಕನ್ನಡಿಗರ ಮನೆಗಳಿಗೆ ಲಗ್ನಪತ್ರಿಕೆಗಳು ರಾಶಿರಾಶಿಯಾಗಿ ಬಂದು ಬೀಳುವುವು. ಕಾಗದವು ನಯವಾದುದು, ಅಂಚಿಗೆ ಚಿನ್ನದ ಬಣ್ಣ, ನೆತ್ತಿಯ ಮೇಲೆ ವಿಘ್ನೇಶ್ವರನ ಚಿತ್ರ. ಆದರೆ ವಿಘ್ನೇಶ್ವರನ ಕಾಲಡಿಯಲ್ಲಿಯೇ ವಿಘ್ನವು ಕಾದು ಕುಳಿತಿರುವುದು. ವಧೂವರರಿಗೆ ಹಿರಿಯರ ‘ಆರ್ಶೀವಾದ’ ಬೇಕೆಂದು ಅಲ್ಲಿ ಪ್ರಾರ್ಥನೆ. ‘ಆಶೀಃ’ ಎಂಬುದಕ್ಕೆ ‘ವಾದ’ ಸೇರಿ ‘ಆಶೀರ್ವಾದ’ವಾಯಿತೆಂಬುದನ್ನು ಬಲ್ಲವರಿಗೆ, ವಾಕಾರಕ್ಕೆ ಸೇರಬೇಕಾದ ಅರ್ಕಾವತ್ತು ಒಂದು ಮನೆ ಹಿಂದಕ್ಕೆ ಸರಿದು ಶೀಕಾರವನ್ನು ಅಪ್ಪಿಕೊಂಡಿರುವುದು ಕಾಣದಿರದು. ಮುಂದಿನ ತಿಂಗಳು ಅದೇ ಮನೆಯವರಿಂದ ‘ಗ್ರಹಪ್ರವೇಶ’ದ ಆಹ್ವಾನ. ಗೃಹವೆಂದರೆ ಮನೆ, ಗ್ರಹವೆಂದರೆ ಶನಿ, ಕುಜ, ರಾಹು ಮೊದಲಾದುವು. ಸಾಲ ಮಾಡಿ ಹೊಸಮನೆ ಕಟ್ಟಿದವರು ಶನಿ ರಾಹುಗಳ ಪ್ರವೇಶಕ್ಕೆ ತಾವಾಗಿಯೇ ಮುಹೂರ್ತವಿಡುವರೆಂದರೆ ಅವರ ಔದಾರ್ಯವನ್ನು ಏನೆಂದು ಹೊಗಳುವುದು! ಅದಕ್ಕೆ ಬರಬೇಕಾದವರು ‘ಸಕುಟುಂಬ ಸಪರಿವಾರ ಸಮೇತರಾಗಿ’ ಬರಬೇಕಂತೆ. ‘ಸ’ ಎಂದರೂ ಕೂಡಿ, ‘ಸಮೇತ’ವೆಂದರೂ ಕೂಡಿ. ಒಂದೇ ಮಾತನ್ನು ಮೂರು ಸಲ ಹೇಳಿದರೆ ಅತಿಥಿಗಳು ಮುಮ್ಮಡಿಯಾಗಿ ಬರುವರೋ ಏನೋ.

ಇದೆಲ್ಲವೂ ನಗುವಿನ ವಿಷಯವೆಂದು ಕೆಲವರು ಹೇಳಬಹುದು. ಪತ್ರಿಕೆ ತಲಪಿತು, ಮದುವೆ ನಡೆಯಿತು, ಊಟವೂ ಆಯಿತು. ಅಕ್ಷರ ಒಂದು ಅತ್ತಿತ್ತ ಆದರೆ ನಷ್ಟವೇನು? ಈ ಪ್ರಶ್ನೆಗೆ ಉತ್ತರವು ಮದುವೆಯ ಮಂಟಪದಲ್ಲಿ ದೊರೆಯದು, ಶಾಲೆಯ ಕೊಠಡಿಯಲ್ಲಿ ದೊರೆಯುವುದು. ಐದನೆಯ ತರಗತಿಯ ಬಾಲಕಿಯೊಬ್ಬಳು ತನ್ನ ಉತ್ತರದಲ್ಲಿ ‘ವಿಧ್ಯಾರ್ಥಿ’ ಎಂದು ಬರೆದಳೆಂದು ಇಟ್ಟುಕೊಳ್ಳೋಣ. ಉಪಾಧ್ಯಾಯರು ಕೆಂಪು ಮಸಿಯಿಂದ ಅಡ್ಡಗೀಟು ಎಳೆದು ಅಂಕವನ್ನು ಕಳೆಯುವರು. ಆಗ ಆ ಮಗುವು, “ವಿದ್ಯಾರ್ಥಿನಿಲಯದ ಬಾಗಿಲ ಮೇಲೆ ಹೀಗೆಯೇ ಬರೆದಿದೆಯಲ್ಲ, ಮೇಷ್ಟ್ರೇ?” ಎಂದು ಕೇಳಿದರೆ ಅವರು ಕೊಡಬಹುದಾದ ಸಮಾಧಾನವೇನು? ಆಳೆತ್ತರದ ಫಲಕದಲ್ಲಿ ತಪ್ಪು ಬರೆಸಿದ ದೊಡ್ಡವರಿಗೆ ಹಾರ, ಶಾಲು. ಅದನ್ನು ನಂಬಿ ಬರೆದ ಮಗುವಿಗೆ ಅಂಕನಷ್ಟ. ಇದು ಯಾವ ನ್ಯಾಯ?

ಇಲ್ಲಿ ಒಂದು ಮಾತನ್ನು ಮೊದಲೇ ತಿಳಿಸಬೇಕಾಗಿದೆ. ಅಶುದ್ಧಿಯ ಸುದ್ದಿ ಬಂದೊಡನೆ ಪಟ್ಟಣದ ವಿದ್ಯಾವಂತರು ಹಳ್ಳಿಯವರ ಕಡೆಗೆ ಬೆರಳು ತೋರಿಸುವುದು ವಾಡಿಕೆ. ‘ಹಾಲು’ ಎಂಬುದನ್ನು ‘ಆಲು’ ಎನ್ನುವ ರೈತನನ್ನು ಅನುಕರಿಸಿ ನಗುವುದೇ ಭಾಷಾಭಿಮಾನವೆಂದು ಅವರು ತಿಳಿದಿರುವರು. ಇದು ಅಭಿಮಾನವಲ್ಲ, ಅಹಂಕಾರ. ಇಂದಿನ ‘ಹಾಲು’ ಹಳಗನ್ನಡದಲ್ಲಿ ‘ಪಾಲ್’ ಆಗಿದ್ದಿತು. ‘ಹೂವು’ ‘ಪೂ’ ಆಗಿದ್ದಿತು. ಪಕಾರವು ಹಕಾರವಾದಾಗ ಅದನ್ನು ಬಾಯಲ್ಲಿ ಮಾರ್ಪಡಿಸಿದವರು ಪಂಡಿತರಲ್ಲ, ಜನರು. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಅಷ್ಟೊಂದು ಶ್ರದ್ಧೆಯಿಂದ ವಿವರಿಸಿದ ೞಕಾರ ಇಂದು ಯಾರ ನಾಲಗೆಯ ಮೇಲೂ ಇಲ್ಲ, ಱಕಾರವೂ ಅದನ್ನೇ ಹಿಂಬಾಲಿಸಿತು. ಕನ್ನಡವೇನೂ ಸಾಯಲಿಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು, ನಾಡಿನ ನುಡಿಯ ಬಗೆಗಳನ್ನೆಲ್ಲ ಅರಿಯಹೊರಟರೆ ಸಾವಿರ ನಾಲಗೆಯ ವಾಸುಕಿಗೂ ಬೇಸರವಾದೀತೆಂಬ ಅಭಿಪ್ರಾಯವನ್ನು ಹೇಳುತ್ತದೆ, ಓದಿ ಕಲಿಯದೆಯೂ ಕಾವ್ಯಪ್ರಯೋಗದಲ್ಲಿ ನಿಪುಣರಾದ ಜನರು ಈ ನಾಡಿನವರೆಂದು ಮೆಚ್ಚುತ್ತದೆ. ಆದುದರಿಂದ ಧಾರವಾಡದವರ ನುಡಿ, ಮಂಗಳೂರಿನವರ ನುಡಿ, ಮೈಸೂರಿನವರ ನುಡಿ ಬೇರೆಬೇರೆಯಾದರೆ ಅದು ದೋಷವಲ್ಲ, ಸಂಪತ್ತು. ರೈತನು ‘ಆಲು’ ಎಂದರೂ ಅವನ ಮನೆಯವರು ಅವನಿಗೆ ಹಾಲನ್ನೇ ಕೊಡುವರು.

ಹಾಗಾದರೆ ದೋಷವಾವುದು? ಕಲಿತವರು, ಕಲಿತವರಿಗಾಗಿ, ಕಲಿತವರೆಂದು ತೋರಿಸಿಕೊಳ್ಳುವುದಕ್ಕಾಗಿ ಬರೆಯುವ ಬರೆಹದಲ್ಲಿರುವ ದೋಷವೇ ದೋಷ. ಯಾವ ರೈತನೂ ‘ಉಪರೋಕ್ತ’ ಎಂದವನಲ್ಲ. ಅವನು ‘ಮೇಲೆ ಹೇಳಿದ’ ಎನ್ನುವನು. ಅದು ಶುದ್ಧ ಕನ್ನಡ. ಕಚೇರಿಯ ಗುಮಾಸ್ತರಿಗೆ ಅದು ಸಾಲದು. ಸಂಸ್ಕೃತವೇ ಬೇಕು, ಆದರೆ ಸಂಸ್ಕೃತ ಬಾರದು. ‘ಉಪರಿ’ ಎಂಬುದಕ್ಕೆ ‘ಉಕ್ತ’ ಸೇರಿದರೆ ಯಣ್ ಸಂಧಿಯಿಂದ ‘ಉಪರ್ಯುಕ್ತ’ವಾಗುವುದೇ ಹೊರತು ‘ಉಪರೋಕ್ತ’ವಾಗದು. ಅದೇ ಸಂಧಿಯಿಂದ ‘ಕೋಟಿ’ಗೆ ‘ಅಂತರ’ ಸೇರಿ ‘ಕೋಟ್ಯಂತರ’ವಾಗಬೇಕು. ಲಕ್ಷಕ್ಕೆ ಅಂತರ ಸೇರಿ ‘ಲಕ್ಷಾಂತರ’ವಾಯಿತೆಂದು ಕೋಟಿಯನ್ನೂ ಎಳೆದು ‘ಕೋಟ್ಯಾಂತರ’ ಮಾಡುವವರು, ‘ಅತಿ’ಗೆ ‘ಅಂತ’ ಸೇರಿದ ‘ಅತ್ಯಂತ’ವನ್ನು ‘ಅತ್ಯಾಂತ’ ಎಂದು ಏಕೆ ಬರೆಯುವುದಿಲ್ಲವೆಂದು ಒಂದು ಕ್ಷಣ ಯೋಚಿಸಿದ್ದರೆ ಸಾಕಾಗಿತ್ತು.

ಇನ್ನು ‘ಐಕ್ಯತೆ’, ‘ಸೌಜನ್ಯತೆ’, ‘ಪ್ರಾಮುಖ್ಯತೆ’, ‘ಪ್ರಾವೀಣ್ಯತೆ’ ಎಂಬ ಶಬ್ದಗಳು ವೇದಿಕೆಯ ಭಾಷಣಗಳಲ್ಲಿ ಪುಂಖಾನುಪುಂಖವಾಗಿ ಹೊರಡುವುವು. ಏಕದ ಭಾವ ‘ಐಕ್ಯ’, ಅಥವಾ ‘ಏಕತೆ’; ಸುಜನನ ಭಾವ ‘ಸೌಜನ್ಯ’, ಅಥವಾ ‘ಸುಜನತೆ’. ಭಾವಾರ್ಥದ ಪ್ರತ್ಯಯವು ಒಂದಿರುವಾಗ ಮತ್ತೊಂದನ್ನು ಹಚ್ಚುವುದು ಪೇಟದ ಮೇಲೆ ಪೇಟ ಸುತ್ತಿಕೊಂಡಂತೆ. ತಲೆ ದೊಡ್ಡದಾಗಿ ಕಾಣುವುದೇನೋ ನಿಜ.

ಮಹಾಪ್ರಾಣದ ಸ್ಥಿತಿಯಂತೂ ಇನ್ನೂ ವಿಚಿತ್ರ. ಬೇಕಾದಲ್ಲಿ ಅದು ಇರದು. ಬೇಡವಾದಲ್ಲಿ ತಪ್ಪದೆ ಇರುವುದು. ಸಭೆಯ ‘ಅದ್ಯಕ್ಷ’ರಿಗೆ ಇಲ್ಲದ ಹೊಟ್ಟೆಯ ಸೀಳು ‘ವಿಧ್ಯುತ್’ ಶಕ್ತಿಗೆ ದೊರೆತಿದೆ. ಹುಟ್ಟುಹಬ್ಬದ ಫಲಕಗಳಲ್ಲಿ ‘ಹಾರ್ದಿಕ ಶುಭಾಷಯ’. ಮಂಗಳಕರವಾದ ಆಶಯವು ‘ಶುಭಾಶಯ’ವೆಂಬುದು ಮರೆತುಹೋಗಿದೆ. ಮೃತರ ಭಾವಚಿತ್ರದ ಕೆಳಗೆ ‘ಶ್ರದ್ದಾಂಜಲಿ’. ಶ್ರದ್ಧೆಯೇ ಇಲ್ಲದ ಅಂಜಲಿ.

ಇವನ್ನು ತಿಳಿಯಲು ಪಾಠಶಾಲೆಯಲ್ಲಿ ಹನ್ನೆರಡು ವರ್ಷ ಕೌಮುದಿಯನ್ನು ಉರುಹೊಡೆಯಬೇಕಾಗಿಲ್ಲ. ನಾಲ್ಕಾರು ಸೂತ್ರಗಳು ಸಾಕು. ಅತಿಶಯವನ್ನು ಹೇಳುವ ಶಬ್ದಗಳ ಕೊನೆಯಲ್ಲಿ ಠಕಾರ: ಶ್ರೇಷ್ಠ, ಕನಿಷ್ಠ, ಗರಿಷ್ಠ, ಬಲಿಷ್ಠ. ಆದುದನ್ನು ಹೇಳುವ ಶಬ್ದಗಳ ಕೊನೆಯಲ್ಲಿ ಟಕಾರ: ಇಷ್ಟ, ದುಷ್ಟ, ಸಂತುಷ್ಟ, ವಿಶಿಷ್ಟ. ನಿಲ್ಲುವುದೆಂಬ ಅರ್ಥದ ಧಾತುವಿನಿಂದ ಬಂದ ನಿಷ್ಠೆ, ಪ್ರತಿಷ್ಠೆ, ಅನುಷ್ಠಾನಗಳಲ್ಲಿ ಠಕಾರ. ತಿಳಿಯುವುದೆಂಬ ಅರ್ಥದ ‘ವಿದ್’ ಧಾತುವಿನಿಂದ ವಿದ್ಯೆ, ವಿದ್ವಾಂಸ, ವಿದ್ಯಾರ್ಥಿ, ಅಲ್ಲಿ ಮಹಾಪ್ರಾಣವಿಲ್ಲ. ‘ಬುಧ್’, ‘ಶುಧ್’, ‘ಸಿಧ್’ ಧಾತುಗಳಿಂದ ಬುದ್ಧ, ಶುದ್ಧ, ಸಿದ್ಧ, ಅಲ್ಲಿ ಮಹಾಪ್ರಾಣವುಂಟು. ಚಿಹ್ನೆ, ಬ್ರಹ್ಮ, ಆಹ್ವಾನ, ಮಧ್ಯಾಹ್ನ ಇವುಗಳಲ್ಲಿ ಹಕಾರವೇ ಮುಂದು. ಉಚ್ಚಾರಣೆಯಲ್ಲಿ ವೈದಿಕರೂ ‘ಬ್ರಮ್ಹ’ ಎನ್ನುವುದುಂಟು. ಬರೆಹದಲ್ಲಿ ಮಾತ್ರ ಹಕಾರಕ್ಕೆ ಅದರ ಸ್ಥಾನವನ್ನು ಬಿಟ್ಟುಕೊಡಬೇಕು. ಒಂದು ಸಂಜೆ ಜಗುಲಿಯಲ್ಲಿ ಕುಳಿತು ಕಲಿಯಬಹುದಾದುದನ್ನು ಒಂದು ಜನ್ಮವೆಲ್ಲ ಕಲಿಯದಿರುವುದಕ್ಕೆ ಅಜ್ಞಾನವೆಂದು ಹೆಸರಿಡುವುದು ಸರಿಯಲ್ಲ, ಅದು ಅನಾದರ.

ಅಕ್ಷರದ ದೋಷಕ್ಕಿಂತ ವಾಕ್ಯದ ದೋಷವು ಇನ್ನೂ ಆಳವಾದುದು. “ಸಚಿವರು ಕಟ್ಟಡವನ್ನು ಉದ್ಘಾಟಿಸಿದರು” ಎನ್ನಬೇಕಾದಲ್ಲಿ “ಸಚಿವರಿಂದ ಕಟ್ಟಡವು ಉದ್ಘಾಟಿಸಲ್ಪಟ್ಟಿತು” ಎಂದು ಬರೆಯುವರು. ಕರ್ಮಣಿ ಪ್ರಯೋಗವು ಕನ್ನಡಕ್ಕೆ ಹೊಸತಲ್ಲ. ಆದರೆ ಇಂಗ್ಲಿಷಿನ ಪದಪದವನ್ನೂ ನೆರಳಿನಂತೆ ಹಿಂಬಾಲಿಸುವ ಈ ‘ಪಟ್ಟಿತು’ಗಳಿಂದ ಕನ್ನಡವು ಪಡಬಾರದ ಪಾಡು ಪಟ್ಟಿದೆ.

ಈಗ ಪ್ರತಿವಾದಿಗಳ ಮಾತನ್ನು ಕೇಳೋಣ. “ಅರ್ಥವಾದರೆ ಸಾಕು” ಎಂಬುದು ಮೊದಲನೆಯ ವಾದ. ಅರ್ಥವಾಗುವುದೆ? ‘ಮಧ್ಯ’ವೆಂದರೆ ನಡು, ‘ಮದ್ಯ’ವೆಂದರೆ ಹೆಂಡ, ‘ಬೆಳೆ’ ಹೊಲದಲ್ಲಿರುವುದು, ‘ಬೆಲೆ’ ಸಂತೆಯಲ್ಲಿರುವುದು. ಬೆಳೆ ಬಿದ್ದುದಕ್ಕೂ ಬೆಲೆ ಬಿದ್ದುದಕ್ಕೂ ಇರುವ ಅಂತರವನ್ನು ರೈತನೇ ಹೇಳಬಲ್ಲನು. ಹೆಚ್ಚೇಕೆ? 2024ರ ಆಗಸ್ಟ್ 27ರಂದು ಈ ರಾಜ್ಯದ ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಪೂರ್ವಭಾವಿ ಪರೀಕ್ಷೆ ನಡೆಯಿತು. ಕನ್ನಡದ ಪ್ರಶ್ನೆಗಳು ಇಂಗ್ಲಿಷಿನಿಂದ ಎಷ್ಟು ಕೆಟ್ಟದಾಗಿ ಅನುವಾದಗೊಂಡಿದ್ದುವೆಂದರೆ, ಸರ್ಕಾರವು ಮರುಪರೀಕ್ಷೆಗೆ ಆದೇಶಿಸಬೇಕಾಯಿತು. ಡಿಸೆಂಬರ್ 29ರಂದು ಮರುಪರೀಕ್ಷೆ ನಡೆದಾಗ ಅದರಲ್ಲಿಯೂ ತಪ್ಪುಗಳಿವೆಯೆಂಬ ಕೂಗು ಎದ್ದಿತು. ಕನ್ನಡದಲ್ಲಿಯೇ ಓದಿ, ಕನ್ನಡವನ್ನೇ ನಂಬಿ ಬಂದ ಹಳ್ಳಿಯ ಹುಡುಗರಿಗೆ, ಇಂಗ್ಲಿಷ್ ಪಾಠವನ್ನು ನೋಡಿಕೊಂಡರೆ ಮಾತ್ರ ಕನ್ನಡದ ಪ್ರಶ್ನೆ ತಿಳಿದೀತೆಂಬ ಸ್ಥಿತಿ ಒದಗಿತು. ಅಶುದ್ಧ ಬರೆಹಕ್ಕೆ ತೆರಿಗೆ ಉಂಟು; ಅದನ್ನು ತೆರುವವರು ಬರೆದವರಲ್ಲ, ಓದಿದವರು. “ಅರ್ಥವಾದರೆ ಸಾಕು” ಎನ್ನುವವರು ಈ ಹುಡುಗರ ಎದುರಿನಲ್ಲಿ ನಿಂತು ಅದೇ ಮಾತನ್ನು ಹೇಳಲಿ.

ಎರಡನೆಯ ವಾದವು ಗಂಭೀರವಾದುದು. ಕನ್ನಡಿಗರ ಆಡುಮಾತಿನಲ್ಲಿ ಮಹಾಪ್ರಾಣಗಳಿಲ್ಲ, ಷಕಾರವಿಲ್ಲ, ಋಕಾರವಿಲ್ಲ. ಇಲ್ಲದುದನ್ನು ಬರೆಹದಲ್ಲಿ ಹೊರುವುದೇಕೆ ಎಂದು ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ವಾದಿಸಿದ್ದಾರೆ. ತಮ್ಮ ಗ್ರಂಥಗಳನ್ನು ಆ ಹೊಸ ಬರೆಹದಲ್ಲಿಯೇ ಪ್ರಕಟಿಸಿದ್ದಾರೆ. ಇದನ್ನು ಒಪ್ಪದಿರಲು ಕಾರಣಗಳಿವೆ. ಪಂಪನಿಂದ ಇಂದಿನವರೆಗಿನ ಬರೆಹವನ್ನು ಮೊಮ್ಮಕ್ಕಳು ಓದಲಾರದಂತೆ ಆದೀತೆಂಬುದು ಅವುಗಳಲ್ಲಿ ಮುಖ್ಯವಾದುದು. ಆದರೂ ಅದು ಒಂದು ನಿಯಮವುಳ್ಳ ಪಕ್ಷ. ಆದಿಯಿಂದ ಅಂತ್ಯದವರೆಗೆ ಒಂದೇ ಕ್ರಮ. ಫಲಕ ಬರೆಸುವವರು ಈ ಪಕ್ಷದ ನೆರಳಿನಲ್ಲಿ ಅಡಗಿಕೊಳ್ಳಲಾಗದು. ‘ಅದ್ಯಕ್ಷ’ ಎಂದು ಬರೆದ ಪಂಕ್ತಿಯಲ್ಲಿಯೇ ‘ವಿಧ್ಯಾರ್ಥಿ’ ಎಂದು ಬರೆಯುವವರು ಮಹಾಪ್ರಾಣವನ್ನು ಬಿಟ್ಟವರಲ್ಲ. ದಾರಿಯಲ್ಲಿ ಕಳೆದುಕೊಂಡು ಬೇರೊಬ್ಬರ ಮನೆಯಲ್ಲಿ ಇಟ್ಟುಬಂದವರು. ಸುಧಾರಣೆ ಬೇರೆ, ಅಜಾಗರೂಕತೆ ಬೇರೆ.

ಮೂರನೆಯವರು ಶುದ್ಧಿಯ ಹೆಸರಿನಲ್ಲಿ ಕಾಟ ಕೊಡುವ ಪಂಡಿತರು. ಇವರೂ ವಿಚಾರಣೆಗೆ ಒಳಗಾಗಬೇಕಾದವರೇ. ‘ತತ್ವ’ವೆಂದು ಬರೆದವರನ್ನು ಕಂಡರೆ, ತತ್ತ್ವದಲ್ಲಿ ಮತ್ತೊಂದು ತಕಾರ ಬೇಕೆಂದು ಇವರು ಕಣ್ಣು ಕೆಂಪಗೆ ಮಾಡುವರು. ವ್ಯುತ್ಪತ್ತಿಯಂತೆ ಅವರ ಮಾತು ಸರಿ; ಆದರೆ ಅಚ್ಚಿನಲ್ಲಿ ನೆಲೆನಿಂತು ಅರ್ಥಕ್ಕೆ ಕೇಡು ತಾರದ ರೂಪಕ್ಕಾಗಿ ಯುದ್ಧ ಹೂಡಬೇಕಾಗಿಲ್ಲ. ಅರಿಸಮಾಸವೆಂದು ‘ದಿನಬಳಕೆ’ಯನ್ನು ಬಹಿಷ್ಕರಿಸುವವರು ‘ಜಿಲ್ಲಾಧಿಕಾರಿ’ಯ ಮುಂದೆ ಕೈಕಟ್ಟಿ ನಿಲ್ಲುವರು, ಆ ಶಬ್ದದ ಪೂರ್ವಾರ್ಧ ಅರಬ್ಬಿಯಿಂದ ಬಂದುದೆಂಬುದು ಅಲ್ಲಿ ನೆನಪಿಗೆ ಬಾರದು. ಸಣ್ಣ ವಿಷಯಕ್ಕೆ ದೊಡ್ಡ ದಂಡವಿಧಿಸುವ ಇಂತಹವರಿಂದಲೇ ಸಾಮಾನ್ಯರು ವ್ಯಾಕರಣವೆಂದರೆ ಹೆದರಿ ದೂರ ಸರಿದರು. ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣವನ್ನು ಬಹುಕಾಲ ಬರೆದು 2021ರಲ್ಲಿ ದಿವಂಗತರಾದ ಪ್ರೊ. ಜಿ. ವೆಂಕಟಸುಬ್ಬಯ್ಯನವರು, ಓದುಗರ ಸಂದೇಹಗಳಿಗೆ ಬೈಯದೆ ಉತ್ತರ ಹೇಳುವುದು ಹೇಗೆಂಬುದನ್ನು ತೋರಿಸಿಕೊಟ್ಟರು. ಪಾಂಡಿತ್ಯವು ಹೀಗೆ ಕೈಹಿಡಿದು ನಡೆಸಿದರೆ ಕಲಿಯುವವರಿಗೆ ಕೊರತೆಯಿಲ್ಲ.

ಕನ್ನಡಕ್ಕೆ 2008ರಲ್ಲಿ ಶಾಸ್ತ್ರೀಯ ಭಾಷೆಯ ಮನ್ನಣೆ ದೊರೆಯಿತು. 2024ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮದಂತೆ ಅಂಗಡಿಗಳ ನಾಮಫಲಕದಲ್ಲಿ ಶೇಕಡಾ 60 ಭಾಗ ಕನ್ನಡವಿರಬೇಕು. ಒಳ್ಳೆಯದು. ಆದರೆ ಕಾನೂನು ಅಳತೆಯನ್ನು ಹೇಳಬಲ್ಲದು, ಅಕ್ಷರವನ್ನು ತಿದ್ದಲಾರದು. ಫಲಕದ ಅರುವತ್ತು ಭಾಗವೂ ತಪ್ಪಾದರೆ ಆ ಬೀದಿಯ ಮಕ್ಕಳಿಗೆ ಅಷ್ಟೂ ದೊಡ್ಡ ತಪ್ಪು ಪಾಠವಾಯಿತು.

ಮಾಡಬೇಕಾದುದು ಬಹಳವಿಲ್ಲ. ಅಚ್ಚಿಗೆ ಕಳುಹಿಸುವ ಮೊದಲು ಕರಡನ್ನು ಒಮ್ಮೆ ಗಟ್ಟಿಯಾಗಿ ಓದತಕ್ಕದ್ದು. ಫಲಕ ಬರೆಯುವವರಿಗೆ ಕೊಡುವ ಚೀಟಿಯನ್ನು ಊರಿನ ಕನ್ನಡದ ಉಪಾಧ್ಯಾಯರಿಗೆ ತೋರಿಸತಕ್ಕದ್ದು. ಇದಕ್ಕೆ ಕಾಸೂ ಬೇಡ, ಆದೇಶವೂ ಬೇಡ. ಪಂಚಾಂಗವಿರುವ ಪ್ರತಿಯೊಂದು ಮನೆಯಲ್ಲಿಯೂ ಅದರ ಪಕ್ಕದಲ್ಲಿ ಒಂದು ನಿಘಂಟುವಿರಲಿ. ಎಲ್ಲಕ್ಕಿಂತ ಸುಲಭವಾದುದು ಇದು: ಸಂಸ್ಕೃತದ ಶಬ್ದದಲ್ಲಿ ಸಂದೇಹ ಬಂದರೆ ಕನ್ನಡದ ಶಬ್ದವನ್ನು ಬರೆಯತಕ್ಕದ್ದು. ‘ಉಪರ್ಯುಕ್ತ’ ಬಾರದಿದ್ದರೆ ‘ಮೇಲೆ ಹೇಳಿದ’ ಎನ್ನಲಿ. ‘ಗೃಹಪ್ರವೇಶ’ದಲ್ಲಿ ಕೈ ತಡವರಿಸಿದರೆ ‘ಮನೆಯೊಕ್ಕಲು’ ಎಂದು ಬರೆಯಲಿ. ಗೃಹದ ಬಾಗಿಲಲ್ಲಿ ಗ್ರಹಗಳೂ ಕಾಯುತ್ತಿರವು. ಮಗುವಿನ ಅಂಕವೂ ಉಳಿದೀತು.